ಐದು ಯಂತ್ರ ಎಣಿಸಿದರೆ ಎಷ್ಟು ಗೊತ್ತಾಗುತ್ತದೆ?

ಮತಗಟ್ಟೆಯ ಮರೆಯಲ್ಲಿ ನಿಂತು ನೀಲಿ ಗುಂಡಿ ಒತ್ತಿದ ಮತದಾರನಿಗೆ ಕಾಣುವುದು ಇಷ್ಟೇ: ಅಭ್ಯರ್ಥಿಯ ಹೆಸರಿನ ಎದುರು ಹೊತ್ತುವ ಕೆಂಪು ದೀಪ, ಮತದ ಚೀಟಿ ಮುದ್ರಿಸುವ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನ ಹಿಂದೆ ಏಳು ಸೆಕೆಂಡು ನಿಂತು ಕೆಳಗೆ ಬೀಳುವ ಚೀಟಿ. ಆಮೇಲೆ ಒಂದು ಬೀಪ್ ಸದ್ದು. ಕಂಟ್ರೋಲ್ ಯುನಿಟ್‌ನ ಒಳಗಿರುವ ಚಿಪ್‌ನಲ್ಲಿ ಆ ಮತ ಯಾರ ಲೆಕ್ಕಕ್ಕೆ ಸೇರಿತು ಎಂಬುದನ್ನು ಅವನಾಗಲಿ, ಮತಗಟ್ಟೆಯ ಅಧಿಕಾರಿಯಾಗಲಿ, ಪಕ್ಷಗಳ ಏಜೆಂಟರಾಗಲಿ ಕಣ್ಣಾರೆ ನೋಡಲಾರರು.

ಫೋನಿನಲ್ಲಿ ಹಣ ಕಳುಹಿಸುವಾಗಲೂ ಒಳಗಿನ ಲೆಕ್ಕ ನಮಗೆ ಕಾಣುವುದಿಲ್ಲ, ನಿಜ. ಆದರೆ ಅಲ್ಲಿ ಪ್ರತಿಯೊಂದು ದಾಖಲೆಯ ಮೇಲೂ ಹೆಸರಿರುತ್ತದೆ. ಹಣ ತಪ್ಪು ಖಾತೆಗೆ ಹೋದರೆ ಇಂದಲ್ಲ ನಾಳೆ ಬಯಲಾಗುತ್ತದೆ. ಮತದ ಮೇಲೆ ಹೆಸರು ಇರುವಂತಿಲ್ಲ. ಯಾರ ಮತ ಯಾರಿಗೆ ಬಿತ್ತೆಂದು ತಿಳಿಯುವಂತಾದರೆ ಮತದಾರನನ್ನು ಬೆದರಿಸುವುದೂ ಕೊಳ್ಳುವುದೂ ಸುಲಭವಾಗುತ್ತದೆ. ಮತ ಗುಟ್ಟಾಗಿಯೂ ಇರಬೇಕು, ಎಣಿಕೆ ಸರಿಯೆಂದು ಸೋತವನಿಗೂ ಮನವರಿಕೆಯಾಗಬೇಕು. ಡಿಜಿಟಲ್ ತಂತ್ರಜ್ಞಾನ ಪ್ರಜಾಪ್ರಭುತ್ವದ ಮುಂದಿಟ್ಟಿರುವ ನಿಜವಾದ ವೈಜ್ಞಾನಿಕ ಸಮಸ್ಯೆ ಇದೇ ಎಂದು ನನಗನ್ನಿಸುತ್ತದೆ. ಯಂತ್ರವನ್ನು ಹ್ಯಾಕ್ ಮಾಡಬಹುದೇ ಎಂಬ ಟಿವಿ ಚರ್ಚೆಗಳ ಗದ್ದಲದಲ್ಲಿ ಇದು ಕೇಳಿಸುವುದೇ ಇಲ್ಲ.

ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರ ಮಾರ್ಚ್ 3ರಂದು ಈ ಸಮಸ್ಯೆಗೆ ಖಡಾಖಂಡಿತವಾದ ಉತ್ತರ ಕೊಟ್ಟಿತು. 2005ರ ಚುನಾವಣೆಯಲ್ಲಿ ಬಳಸಿದ್ದ ಮತಯಂತ್ರಗಳಲ್ಲಿ ಮೋಸ ನಡೆದಿದೆಯೆಂದು ಅದು ಹೇಳಲಿಲ್ಲ. ಚುನಾವಣೆಯ ಮುಖ್ಯ ಹಂತಗಳನ್ನು ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯ ಪ್ರಜೆಯೂ ಪರಿಶೀಲಿಸುವಂತಿರಬೇಕು, ಆ ಯಂತ್ರಗಳಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ಹೇಳಿ ಅವುಗಳ ಬಳಕೆ ಅಸಾಂವಿಧಾನಿಕ ಎಂದಿತು.

ಭಾರತ ಹಿಡಿದ ದಾರಿ ಬೇರೆ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಎಂಬ ಸರ್ಕಾರಿ ಕಂಪನಿಗಳು ತಯಾರಿಸುವ ನಮ್ಮ ಯಂತ್ರಗಳಿಗೆ ಅಂತರ್ಜಾಲದ ನಂಟಿಲ್ಲ, ಮತದಾನದ ದಿನ ಬೆಳಿಗ್ಗೆ ಏಜೆಂಟರ ಎದುರು ಕನಿಷ್ಠ 50 ಮತ ಹಾಕಿ ಅಣಕು ಮತದಾನ ನಡೆಸಲಾಗುತ್ತದೆ. ಅದೂ ಸಾಲದೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಕಾಗದದ ದಾಖಲೆ ಬೇಕೆಂದಿತು; 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಎಲ್ಲ ಮತಗಟ್ಟೆಗಳಿಗೂ ವಿವಿಪ್ಯಾಟ್ ಬಂತು. ಚೀಟಿಯ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ತಾಳೆಯಾಗದಿದ್ದರೆ ನಿಯಮದ ಪ್ರಕಾರ ಚೀಟಿಯದೇ ಅಂತಿಮ ಮಾತು. ಆದರೆ ಚೀಟಿಗಳೆಲ್ಲವನ್ನೂ ಎಣಿಸುವುದಿಲ್ಲ. ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಒಂದು ಯಂತ್ರ ಎಂದಿದ್ದದ್ದನ್ನು 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ಏರಿಸಿತು. ಮತಗಟ್ಟೆಗಳ ಸಂಖ್ಯೆ ಬರೆದ ಕಾರ್ಡುಗಳನ್ನು ಡಬ್ಬಿಯಲ್ಲಿ ಕುಲುಕಿ, ಅಭ್ಯರ್ಥಿಗಳ ಎದುರೇ ಐದನ್ನು ಎತ್ತುತ್ತಾರೆ. ಬ್ಯಾಂಕಿನ ಕ್ಯಾಷಿಯರ್ ಕೂರುವಂಥ ತಂತಿಬಲೆಯ ಕೋಣೆಯೊಳಗೆ ಆ ಐದು ಪೆಟ್ಟಿಗೆಗಳ ಚೀಟಿಗಳನ್ನು ಅಭ್ಯರ್ಥಿವಾರು ವಿಂಗಡಿಸಿ, ಕಟ್ಟು ಕಟ್ಟಿ, ಎಣಿಸುತ್ತಾರೆ.

ಐದು ಸಾಕೇ? ಇಲ್ಲಿಂದ ಮುಂದಿನದು ಸಂಖ್ಯಾಶಾಸ್ತ್ರದ ಕೆಲಸ. ಚುನಾವಣಾ ಆಯೋಗ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸಲಹೆ ಕೇಳಿದಾಗ ಬಂದ ಉತ್ತರ ಮೊದಲಿಗೆ ಅಚ್ಚರಿ ಹುಟ್ಟಿಸುತ್ತದೆ: ದೇಶದ 10 ಲಕ್ಷಕ್ಕೂ ಹೆಚ್ಚು ಯಂತ್ರಗಳ ಪೈಕಿ ಇಂಥದ್ದೇ ಎಂದು ಆರಿಸದೆ ಕಣ್ಣುಮುಚ್ಚಿ 479ನ್ನು ಎತ್ತಿ ನೋಡಿ, ಎಲ್ಲವೂ ತಾಳೆಯಾದರೆ, ದೋಷವುಳ್ಳ ಯಂತ್ರಗಳ ಪ್ರಮಾಣ ಶೇ 2ಕ್ಕಿಂತ ಕಡಿಮೆ ಎಂದು ಶೇ 99.99ರಷ್ಟು ಖಾತರಿಯಿಂದ ಹೇಳಬಹುದು. ಲೆಕ್ಕ ಸರಿಯಾಗಿಯೇ ಇದೆ. ನೂರಕ್ಕೆ ಎರಡು ಯಂತ್ರ ಕೆಟ್ಟಿದ್ದರೆ ಒಂದೊಂದು ಸಲ ಎತ್ತಿದಾಗಲೂ ಒಳ್ಳೆಯದೇ ಸಿಗುವ ಸಂಭವ 0.98, ಅದನ್ನು 479 ಬಾರಿ ಗುಣಿಸಿದರೆ ಉಳಿಯುವುದು ಹತ್ತು ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಚುಕಿದರೆ ಸಾಕು, ಪಾತ್ರೆ ದೊಡ್ಡದಾದರೂ ಒಂದೇ, ಚಿಕ್ಕದಾದರೂ ಒಂದೇ.

ಆದರೆ ಇಲ್ಲಿ ಬೇಯುತ್ತಿರುವುದು ಒಂದೇ ಪಾತ್ರೆಯಲ್ಲಿ ಅಲ್ಲ. ಲೋಕಸಭೆಗೆ ನಡೆಯುವುದು 543 ಪ್ರತ್ಯೇಕ ಚುನಾವಣೆಗಳು. 479 ಯಂತ್ರಗಳನ್ನು ಹಂಚಿದರೆ ಕ್ಷೇತ್ರಕ್ಕೊಂದೂ ಬರುವುದಿಲ್ಲ. ದೇಶದಲ್ಲಿ ಒಟ್ಟಾರೆ ಯಂತ್ರಗಳು ಸರಿಯಾಗಿವೆ ಎಂಬ ಮಾತು, ನನ್ನ ಕ್ಷೇತ್ರದಲ್ಲಿ ಗೆದ್ದವರು ನಿಜವಾಗಿಯೂ ಗೆದ್ದರೇ ಎಂಬ ಪ್ರಶ್ನೆಗೆ ಉತ್ತರವಾಗದು.

ಕರ್ನಾಟಕದ ಲೆಕ್ಕವನ್ನೇ ಹಾಕಿ ನೋಡೋಣ. ನಮ್ಮಲ್ಲಿ ವಿಧಾನಸಭಾ ಕ್ಷೇತ್ರವೊಂದಕ್ಕೆ ಸರಾಸರಿ 260ರ ಆಸುಪಾಸು ಮತಗಟ್ಟೆಗಳಿವೆ. ಅವುಗಳಲ್ಲಿ ಶೇ 5ರಷ್ಟು, ಅಂದರೆ 13 ಯಂತ್ರಗಳು ತಪ್ಪು ಲೆಕ್ಕ ತೋರಿಸುತ್ತಿವೆ ಎಂದು ಇಟ್ಟುಕೊಂಡರೆ, ಎತ್ತಿದ ಐದರಲ್ಲಿ ಒಂದಾದರೂ ಅಂಥದ್ದು ಸಿಕ್ಕಿಬೀಳುವ ಸಂಭವ ಸುಮಾರು ಶೇ 23. ನಾಲ್ಕರಲ್ಲಿ ಮೂರು ಸಲ ಅದು ನುಣುಚಿಕೊಳ್ಳುತ್ತದೆ. ಲೋಕಸಭಾ ಚುನಾವಣೆಯಲ್ಲಿ ಚಿತ್ರವೇ ಬೇರೆ. ರಾಜ್ಯದ 28 ಲೋಕಸಭಾ ಕ್ಷೇತ್ರಗಳಲ್ಲಿ ಒಂದೊಂದರಲ್ಲೂ ಎಂಟು ವಿಧಾನಸಭಾ ಕ್ಷೇತ್ರಗಳಿರುವುದರಿಂದ 40 ಯಂತ್ರಗಳ ಚೀಟಿ ಎಣಿಕೆಯಾಗುತ್ತದೆ. ದೋಷದ ಪ್ರಮಾಣ ಅಷ್ಟೇ ಇದ್ದರೂ ಸಿಕ್ಕಿಬೀಳುವ ಸಂಭವ ಸುಮಾರು ಶೇ 87ಕ್ಕೆ ಜಿಗಿಯುತ್ತದೆ. ಒಂದೇ ಯಂತ್ರ, ಒಂದೇ ನಿಯಮ, ಆದರೆ ಶಾಸಕರ ಆಯ್ಕೆಗೆ ಸಿಗುವ ಖಾತರಿ ಸಂಸದರ ಆಯ್ಕೆಗೆ ಸಿಗುವುದಕ್ಕಿಂತ ಬಹಳ ಕಡಿಮೆ. ಯಾರೂ ಬೇಕೆಂದು ಹೀಗೆ ಮಾಡಿದ್ದಲ್ಲ. ಐದು ಎಂಬ ಸಂಖ್ಯೆಯನ್ನು ಗೆಲುವಿನ ಅಂತರದ ಕಡೆ ನೋಡದೆ ನಿಗದಿ ಮಾಡಿದ್ದರ ಫಲವಿದು.

ಅಂತರ ಎಷ್ಟು ಕಿರಿದಾಗಬಹುದು ಎಂಬುದಕ್ಕೆ ನಮ್ಮಲ್ಲಿ ಉದಾಹರಣೆಗಳ ಕೊರತೆಯಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ಮರುಎಣಿಕೆಯ ನಂತರ 16 ಮತಗಳ ಅಂತರದಲ್ಲಿ ನಿಂತಿತು. ಅಲ್ಲಿ ತಕರಾರು ಎದ್ದದ್ದು ಯಂತ್ರದ ಬಗ್ಗೆಯಲ್ಲ, ಅಂಚೆ ಮತಗಳ ಬಗ್ಗೆ. ಇಷ್ಟು ಹತ್ತಿರದ ಸ್ಪರ್ಧೆಯಲ್ಲಿ ಒಂದೇ ಯಂತ್ರದ ದೋಷ ಫಲಿತಾಂಶವನ್ನು ತಿರುಗಿಸಬಲ್ಲದು. 260ರಲ್ಲಿ ಆ ಒಂದು ಯಂತ್ರವೇ ಐದರೊಳಗೆ ಬರುವ ಸಂಭವ ಶೇ 2ನ್ನೂ ಮುಟ್ಟುವುದಿಲ್ಲ.

ಅಮೆರಿಕದ ಕೊಲರಾಡೊ ರಾಜ್ಯ 2017ರಿಂದ ಅನುಸರಿಸುತ್ತಿರುವ ಕ್ರಮ ಈ ಗಂಟನ್ನು ಸಲೀಸಾಗಿ ಬಿಡಿಸುತ್ತದೆ. ಬರ್ಕ್ಲಿ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್ ರೂಪಿಸಿದ ಈ ವಿಧಾನದಲ್ಲಿ ಎಷ್ಟು ಕಾಗದ ನೋಡಬೇಕೆಂಬುದು ಮೊದಲೇ ನಿಗದಿಯಾಗಿರುವುದಿಲ್ಲ. ತಪ್ಪು ಫಲಿತಾಂಶ ಪತ್ತೆಯಾಗದೆ ಉಳಿಯುವ ಅಪಾಯ ಇಷ್ಟನ್ನು ಮೀರಬಾರದು ಎಂಬ ಮಿತಿ ಮಾತ್ರ ನಿಗದಿಯಾಗಿರುತ್ತದೆ. ಅಂತರ ದೊಡ್ಡದಿದ್ದರೆ ಬೆರಳೆಣಿಕೆಯಷ್ಟು ಮತಪತ್ರ ನೋಡಿದರೆ ಸಾಕಾಗುತ್ತದೆ, ಕಿರಿದಾಗಿದ್ದರೆ ಎಣಿಕೆ ಮುಂದುವರಿಯುತ್ತದೆ, ಬೇಕಾದರೆ ಕೊನೆಯ ಮತಪತ್ರದವರೆಗೂ. ಯಾವುದನ್ನು ಎತ್ತಬೇಕೆಂಬುದನ್ನು ತೀರ್ಮಾನಿಸಲು ಅಲ್ಲಿ ಸಾರ್ವಜನಿಕರ ಎದುರು ಹತ್ತು ಮುಖದ ದಾಳಗಳನ್ನು ಉರುಳಿಸುತ್ತಾರೆ.

ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಎರಡನೇ ಮತ್ತು ಮೂರನೇ ಸ್ಥಾನ ಪಡೆದ ಅಭ್ಯರ್ಥಿಗಳು ಕೋರಿದರೆ ಶೇ 5ರಷ್ಟು ಯಂತ್ರಗಳ ಚಿಪ್‌ಗಳನ್ನು ಪರಿಶೀಲಿಸಲು ಅವಕಾಶ ಕೊಟ್ಟಿತು. ಎಲ್ಲವನ್ನೂ ಎಣಿಸಿದರೆ ಫಲಿತಾಂಶ ತಡವಾಗುತ್ತದೆ, ಕೈ ಎಣಿಕೆಯಲ್ಲಿ ಮನುಷ್ಯರ ತಪ್ಪುಗಳೂ ನುಸುಳುತ್ತವೆ ಎಂಬ ಆಯೋಗದ ವಾದದಲ್ಲಿ ಹುರುಳಿದೆ. ಆದರೆ ಐದು ಅಥವಾ ಎಲ್ಲವೂ ಎಂಬ ಎರಡೇ ದಾರಿಗಳಿಲ್ಲವಲ್ಲ. ಮೂವತ್ತು ಸಾವಿರ ಮತಗಳ ಅಂತರವಿರುವ ಕಡೆ ಐದು ಪೆಟ್ಟಿಗೆಗಳಿಗೆ ಇನ್ನು ಕೆಲವನ್ನು ಸೇರಿಸಿದರೆ ಸಾಕಾದೀತು. ಹದಿನಾರು ಮತಗಳ ಅಂತರವಿರುವ ಕಡೆ ಎಲ್ಲವನ್ನೂ ತೆರೆಯಬೇಕು. ಅಂಥ ಕ್ಷೇತ್ರಗಳು ಒಂದು ಚುನಾವಣೆಯಲ್ಲಿ ಎಷ್ಟು ತಾನೇ ಇರುತ್ತವೆ?