ಪೆಟ್ರೋಲ್ ಬಂಕಿಗೆ ಹೋಗುವ ಮೆಕ್ಕೆಜೋಳ

ಅಮೆರಿಕದ ಅಯೋವಾ ರಾಜ್ಯದಲ್ಲಿ ಬಿತ್ತನೆಗೆ ಮುಂಚೆ ಹೊಲ ನೋಡಬೇಕು. ತಗ್ಗಿನಲ್ಲೆಲ್ಲ ಕಾಡಿಗೆಯಂಥ ಕಪ್ಪು ಮಣ್ಣು. ದಿಬ್ಬದ ನೆತ್ತಿ ಮಾತ್ರ ತಿಳಿ ಕಂದು. ಅಲ್ಲಿದ್ದ ಮೇಲ್ಮಣ್ಣು ಜಾರಿ ಹೋಗಿದೆ. ಅಯೋವಾ ಸೇರಿದ ಮೆಕ್ಕೆಜೋಳದ ಸೀಮೆಯ ಮೂರನೇ ಒಂದು ಭಾಗದಷ್ಟು ಹೊಲಗಳಲ್ಲಿ ಮೇಲ್ಮಣ್ಣೇ ಉಳಿದಿಲ್ಲ ಎಂದು 2021ರ ಒಂದು ಅಧ್ಯಯನ ಅಂದಾಜು ಮಾಡಿತು.

ಇದು ಎಥೆನಾಲ್ (ಮೆಕ್ಕೆಜೋಳದಿಂದ ತೆಗೆದು ಪೆಟ್ರೋಲಿಗೆ ಬೆರೆಸುವ ಮದ್ಯಸಾರ) ಒಂದರದೇ ತಪ್ಪಲ್ಲ ಬಿಡಿ. ನೂರೈವತ್ತು ವರ್ಷ ಉತ್ತಿದ್ದರ ಫಲ. ಆದರೆ ಎಥೆನಾಲ್ ಬಂದ ಮೇಲೆ ವಿಶ್ರಾಂತಿಯಲ್ಲಿದ್ದ ನೆಲಕ್ಕೂ ನೇಗಿಲು ಬಿತ್ತು.

ಬೇಗ ಕೊಚ್ಚಿಹೋಗುವ ಜಮೀನನ್ನು ಉಳದೆ ಹುಲ್ಲಿಗೆ ಬಿಟ್ಟರೆ ಅಲ್ಲಿನ ಸರಕಾರ ರೈತರಿಗೆ ವರ್ಷಕ್ಕಿಷ್ಟು ಅಂತ ಬಾಡಿಗೆ ಕೊಡುತ್ತದೆ. 1985ರಲ್ಲಿ ಶುರುವಾದ ಯೋಜನೆ. 2007ರಲ್ಲಿ ಹೀಗೆ ಬಿಟ್ಟ ನೆಲ ಸುಮಾರು 3.7 ಕೋಟಿ ಎಕರೆ ಇತ್ತು. ಅದೇ ವರ್ಷ ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಕಾನೂನು ಬಿಗಿಯಾಯಿತು, ಮೆಕ್ಕೆಜೋಳದ (ಹಾವೇರಿ ಕಡೆ ಗೋವಿನಜೋಳ ಅಂತಾರಲ್ಲ, ಅದೇ) ದರ ಏರಿತು. ಬಾಡಿಗೆಗಿಂತ ಬೆಳೆಯೇ ಲಾಭ ಅಂದರೆ ಯಾವ ರೈತ ಸುಮ್ನೆ ಕೂರುತ್ತಾನೆ? ಸರಕಾರವೂ ಯೋಜನೆಯ ಮಿತಿ ಇಳಿಸಿತು. 2015ರ ಹೊತ್ತಿಗೆ ಉಳಿದದ್ದು ಸುಮಾರು 2.4 ಕೋಟಿ ಎಕರೆ. ಹುಲ್ಲುಗಾವಲು ಉತ್ತಾಗ ಮಣ್ಣಿನಲ್ಲಿ ಕೂತಿದ್ದ ಇಂಗಾಲವೂ ಗಾಳಿಗೆ ಸೇರುತ್ತದೆ. ಪೆಟ್ರೋಲ್ ಉಳಿಸಿ ಗಾಳಿ ಕಾಪಾಡುತ್ತೇವೆ ಅನ್ನುವ ಲೆಕ್ಕ ಇಲ್ಲೇ ಎಡವುವುದು.

ಈಗ ಅಯೋವಾದ ಮೆಕ್ಕೆಜೋಳದಲ್ಲಿ ಅರ್ಧಕ್ಕಿಂತ ಜಾಸ್ತಿ ಎಥೆನಾಲ್ ಕಾರ್ಖಾನೆಗೆ ಹೋಗುತ್ತದೆ. ಅದರಲ್ಲಿ ತೂಕದ ಮೂರನೇ ಒಂದು ಪಾಲು ದನದ ಮೇವಾಗಿ ವಾಪಸ್ ಬರುತ್ತದೆ, ಅದನ್ನೂ ಹೇಳಬೇಕು.

ಅಲ್ಲಿ ಒಂದು ವರ್ಷ ಮೆಕ್ಕೆಜೋಳ, ಮರುವರ್ಷ ಸೋಯಾ ಹಾಕುವುದು ರೂಢಿ. ಸೋಯಾ ತನ್ನ ಬೇರಿನ ಗಂಟುಗಳಲ್ಲೇ ಸಾರಜನಕ ಮಾಡಿಕೊಳ್ಳುತ್ತದೆ. ಎಥೆನಾಲ್ ಬೇಡಿಕೆ ನೋಡಿ ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳವನ್ನೇ ಹಾಕಿದರೆ ಇನ್ನೂ ಹೆಚ್ಚು ಗೊಬ್ಬರ ಸುರಿಯಲೇಬೇಕು. ಇನ್ನೊಂದು ವಿಷಯ: ಆ ಹೊಲಗಳಡಿ ಸುಮಾರು ಒಂದು ಮೀಟರ್ ಆಳದಲ್ಲಿ ತೂತು ಕೊಳವೆಗಳಿವೆ, ಜೌಗು ನೀರು ಬಸಿಯಲಿ ಅಂತ ಹೂತದ್ದು. ಮೇ, ಜೂನ್‌ನಲ್ಲಿ ಪೈರು ಇನ್ನೂ ಮೊಣಕಾಲೆತ್ತರ ಇದ್ದಾಗ ಜೋರು ಮಳೆ ಬಂದರೆ, ಬೇರು ಹೀರದ ನೈಟ್ರೇಟ್ (ನೀರಲ್ಲಿ ಕರಗುವ ಸಾರಜನಕದ ರೂಪ) ಆ ಕೊಳವೆಗಳಲ್ಲಿ ಇಳಿದು ನೇರ ಹೊಳೆ ಸೇರುತ್ತದೆ. ರಾಜಧಾನಿ ಡೆ ಮೊಯಿನ್ ಕುಡಿಯುವುದು ಅದೇ ಹೊಳೆಗಳ ನೀರು. ನೈಟ್ರೇಟ್ ತೆಗೆಯಲೆಂದೇ ಅಲ್ಲಿ 1990ರ ದಶಕದಿಂದ ಒಂದು ಘಟಕ ಇದೆ. ಹೊಳೆಯಲ್ಲಿ ನೈಟ್ರೇಟ್ ಏರಿದಾಗ ಅದು ಚಾಲೂ ಆಗುತ್ತದೆ. ಖರ್ಚು ಮನೆಮನೆಯ ನೀರಿನ ಬಿಲ್ಲಿಗೆ ಬೀಳುತ್ತದೆ.