ಓದುಗರ ಪ್ರಶ್ನೆ: ಸಿಲಿಂಡರ್ ಸಿಡಿದು ಸುಟ್ಟಗಾಯವಾದರೆ ಪರಿಹಾರ ಯಾರು ಕೊಡುತ್ತಾರೆ?

ಪ್ರಶ್ನೆ: ಅಡುಗೆಮನೆಯಲ್ಲಿ ಗ್ಯಾಸ್ ಸೋರಿ ಸ್ಫೋಟವಾಗಿ ನಮ್ಮ ಅತ್ತೆಗೆ ಸುಟ್ಟಗಾಯಗಳಾಗಿವೆ. ನಾವು ಯಾವ ವಿಮೆಯನ್ನೂ ಮಾಡಿಸಿಲ್ಲ. ಏನಾದರೂ ಸಿಗುತ್ತದೆಯೇ?

ಸಿಗುತ್ತದೆ. ಇಂಡೇನ್, ಭಾರತ್ ಗ್ಯಾಸ್, ಎಚ್‌ಪಿ ಮೂರರ ಹಿಂದಿರುವ ತೈಲ ಕಂಪನಿಗಳೂ ಇಂಥ ಅವಘಡಗಳಿಗೆಂದೇ ವಿಮೆ ಇಟ್ಟಿರುತ್ತವೆ, ಕಂತನ್ನೂ ಅವೇ ಕಟ್ಟುತ್ತವೆ. ಸಾವಾದರೆ ತಲಾ 6 ಲಕ್ಷ ರೂಪಾಯಿ. ಗಾಯಾಳುವಿನ ಚಿಕಿತ್ಸೆಗೆ ಹೆಚ್ಚೆಂದರೆ 2 ಲಕ್ಷ, ಒಂದು ಅವಘಡಕ್ಕೆ ಒಟ್ಟು 30 ಲಕ್ಷದ ಮಿತಿ. ಕನೆಕ್ಷನ್ ನೋಂದಣಿಯಾದ ವಿಳಾಸದಲ್ಲೇ ಅವಘಡವಾಗಿದ್ದರೆ ಆಸ್ತಿ ನಷ್ಟಕ್ಕೆ 2 ಲಕ್ಷದವರೆಗೆ. ಬಾಡಿಗೆ ಮನೆ ಬದಲಿಸಿ ವಿಳಾಸ ಬದಲಿಸದವರು ಈ ಕೊನೆಯದನ್ನು ಕಳೆದುಕೊಳ್ಳುತ್ತಾರೆ.

ಮೊದಲು ಏಜೆನ್ಸಿಗೆ ಲಿಖಿತವಾಗಿ ತಿಳಿಸಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ದಾಖಲೆಯಾಗದು. ಕಂಪನಿಗೂ ವಿಮೆಯವರಿಗೂ ತಿಳಿಸುವುದು ಏಜೆನ್ಸಿಯ ಕೆಲಸ. ಪೊಲೀಸ್ ದೂರಿನ ಪ್ರತಿ, ಅಗ್ನಿಶಾಮಕ ಠಾಣೆಯ ವರದಿ, ಡಿಸ್ಚಾರ್ಜ್ ಸಾರಾಂಶ, ಔಷಧ ಚೀಟಿಗಳು, ಅಸಲು ಬಿಲ್ಲುಗಳು ಬೇಕು.

ಅರ್ಜಿ ಹೆಚ್ಚಾಗಿ ಎಡವುವುದು ‘ಕಾರಣ’ದಲ್ಲಿ. ಬೆಂಕಿಗೆ ಗ್ಯಾಸೇ ಮೂಲವಾಗಿದ್ದರೆ ಮಾತ್ರ ಈ ವಿಮೆ ಅನ್ವಯ. ಬೇರೆ ಬೆಂಕಿ ತಗುಲಿ ಸಿಲಿಂಡರ್ ಸಿಡಿದಿದ್ದರೆ ಇಲ್ಲ. ಆಸ್ಪತ್ರೆಯ ಎಂಎಲ್‌ಸಿ ಪುಸ್ತಕದಲ್ಲಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ ದಾಖಲೆ) ಗಡಿಬಿಡಿಯಲ್ಲಿ ‘ಶಾರ್ಟ್ ಸರ್ಕ್ಯೂಟ್’ ಎಂದೋ ‘ಒಲೆ ಬೆಂಕಿ’ ಎಂದೋ ಬರೆದುಬಿಟ್ಟರೆ ಆಮೇಲೆ ತಿದ್ದಿಸುವುದು ಬಲು ಕಷ್ಟ. ಗಾಯಾಳುವನ್ನು ಸೇರಿಸುವವರೇ ನಡೆದದ್ದನ್ನು ನಡೆದಂತೆ ಬರೆಸಬೇಕು.

ಸಿಲಿಂಡರ್, ರೆಗ್ಯುಲೇಟರ್, ಪೈಪನ್ನು ಯಾರಿಗೂ ಸುಮ್ಮನೆ ಒಪ್ಪಿಸಬೇಡಿ. ಸಿಲಿಂಡರಿನ ಸಂಖ್ಯೆ, ಹಿಡಿಕೆಯ ಕೆಳಗಿನ ಪಟ್ಟಿಯ ಮೇಲಿರುವ ‘ಬಿ-26’ರಂಥ ಗುರುತು (2026ರ ಏಪ್ರಿಲ್‌ನಿಂದ ಜೂನ್ ಒಳಗೆ ಮರುಪರೀಕ್ಷೆ ಆಗಬೇಕೆಂದು ಅರ್ಥ), ಪೈಪಿನ ಐಎಸ್‌ಐ ಮುದ್ರೆ ಎಲ್ಲದರ ಫೋಟೊ ತೆಗೆಯಿರಿ. ಒಯ್ಯಲೇಬೇಕೆಂದರೆ ಸಂಖ್ಯೆ ನಮೂದಿಸಿದ ರಸೀದಿ ಪಡೆಯಿರಿ.

ಸುಟ್ಟಗಾಯದ ಚಿಕಿತ್ಸೆಗೆ 2 ಲಕ್ಷ ಎಲ್ಲಿ ಸಾಕಾಗುತ್ತದೆ? ವಾಲ್ವ್ ದೋಷ, ಅವಧಿ ಮೀರಿದ ಸಿಲಿಂಡರ್, ಏಜೆನ್ಸಿಯ ನಿರ್ಲಕ್ಷ್ಯ ಸಾಬೀತು ಮಾಡಬಹುದಾದರೆ ಉಳಿದದ್ದಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಗಡುವು 2 ವರ್ಷ. ಶುಲ್ಕ ನಿಗದಿಯಾಗುವುದು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಬೆಲೆಯ ಮೇಲೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, ಹಾಗಾಗಿ ಸಿಲಿಂಡರಿನ ದೂರಿಗೆ ಏನೂ ಕಟ್ಟಬೇಕಿಲ್ಲ. ವಕೀಲರೂ ಕಡ್ಡಾಯವಲ್ಲ. ಬೇಕೆನಿಸಿದರೆ, ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಉಂಟು: ನಿಮ್ಮ ಅತ್ತೆಯ ಹೆಸರಿನಲ್ಲೇ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.