ಡೀಮನ್ ಸತ್ತಾಗ ಮೊದಲು ಸುದ್ದಿ ತಿಳಿಯುವುದು ಯಾರಿಗೆ?

ಡೀಮನ್ ಎಂದರೆ ಹಿನ್ನೆಲೆಯಲ್ಲಿ ಸದಾ ಓಡುತ್ತ ಸೇವೆ ಕೊಡುವ ಪ್ರೋಗ್ರಾಂ. ಅದನ್ನು ಶುರು ಮಾಡುವ, ನಿಲ್ಲಿಸುವ ಇನಿಟ್.ಡಿ ಸ್ಕ್ರಿಪ್ಟಿಗೆ ‘ಸ್ಟೇಟಸ್’ ಕೇಳಿ, ‘ನಡೆಯುತ್ತಿದೆ’ ಎಂಬ ಉತ್ತರ ಬಂದರೆ ಬಹಳ ಮಂದಿ ನಿಶ್ಚಿಂತರಾಗಿಬಿಡುತ್ತಾರೆ. ಆ ಉತ್ತರದ ಮೂಲ ಎಷ್ಟೋ ಬಾರಿ ಪಿಐಡಿ ಕಡತದಲ್ಲಿರುವ ಒಂದು ಸಂಖ್ಯೆ ಮಾತ್ರ: ಪ್ರೋಸೆಸ್ಸಿಗೆ, ಅಂದರೆ ಓಡುತ್ತಿರುವ ಪ್ರೋಗ್ರಾಮಿಗೆ, ಸಿಕ್ಕ ಗುರುತಿನ ಸಂಖ್ಯೆ. ಡೀಮನ್ ಹುಟ್ಟಿದಾಗ ಬರೆದಿಟ್ಟದ್ದು. ಸಾಯುವಾಗ ಅದನ್ನು ಅಳಿಸಿಹೋಗುವ ಖಾತ್ರಿಯಿಲ್ಲ. ಮೆಮೊರಿ ಸಾಲದೆ, ವ್ಯವಸ್ಥೆಯ ತಿರುಳಾದ ಕರ್ನೆಲ್ಲೇ ಕೊಂದಾಗಲಂತೂ ಅದಕ್ಕೆ ಅವಕಾಶವೇ ಇರುವುದಿಲ್ಲ. ಲಿನಕ್ಸ್‌ನಲ್ಲಿ ಈ ಸಂಖ್ಯೆಗಳ ಸಾಂಪ್ರದಾಯಿಕ ಮಿತಿ 32768. ಸಂಖ್ಯೆಗಳು ಒಂದು ಸುತ್ತು ಮುಗಿದ ಮೇಲೆ ಹಳೆಯದೇ ಇನ್ನೊಬ್ಬರಿಗೆ ಸಿಗುತ್ತದೆ. ಆಗ ನಿಮ್ಮ ಕೈಲಿರುವುದು ಬಾಡಿಗೆದಾರ ಖಾಲಿ ಮಾಡಿಹೋದ ಮನೆಯ ವಿಳಾಸ. ‘ಸ್ಟಾಪ್’ ಎಂದರೆ, ಕೆಲಸ ಮುಗಿಸು ಎನ್ನುವ ಟರ್ಮ್ ಸಿಗ್ನಲ್ ಹೋಗಿ ಹೊಸಬನ ಬಾಗಿಲು ತಟ್ಟುತ್ತದೆ. ಪ್ರೋಸೆಸ್ಸಿನ ಹೆಸರನ್ನೂ ಹೋಲಿಸಿ ನೋಡಿದರೆ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ನೋಡಿದ ಕ್ಷಣಕ್ಕೂ ಕೊಂದ ಕ್ಷಣಕ್ಕೂ ನಡುವೆ ಸಂದು ಇದ್ದೇ ಇದೆ.

ಇಷ್ಟೆಲ್ಲ ಊಹೆ ಬೇಕೇ ಇಲ್ಲ. ಯೂನಿಕ್ಸ್‌ನಲ್ಲಿ ಸಾವಿನ ಸುದ್ದಿ ತಾನಾಗಿ ತಲುಪುವುದು ಹೆತ್ತ ಪ್ರೋಸೆಸ್ಸಿಗೆ. ಮಗು ಸತ್ತೊಡನೆ ಕರ್ನೆಲ್ ಹೆತ್ತದ್ದಕ್ಕೆ ಸಿಗ್‌ಚೈಲ್ಡ್ ಎಂಬ ಸಿಗ್ನಲ್ ಕಳಿಸುತ್ತದೆ. ಹೆತ್ತದ್ದು ‘ವೇಟ್’ ಕರೆದು ಲೆಕ್ಕ ಚುಕ್ತಾ ಮಾಡುವವರೆಗೆ ಸತ್ತದ್ದು ಜಾಂಬಿಯಾಗಿ ಉಳಿಯುತ್ತದೆ. ಜಾಂಬಿ ಎಂದರೆ ಹೆದರುವವರಿದ್ದಾರೆ, ಆದರೆ ಇಡೀ ಏರ್ಪಾಟಿನ ಚೆಲುವು ಇರುವುದೇ ಅಲ್ಲಿ: ಅದು ಉಳಿದಿರುವಷ್ಟು ಹೊತ್ತು ಆ ಸಂಖ್ಯೆಯನ್ನು ಕರ್ನೆಲ್ ಇನ್ನಾರಿಗೂ ಕೊಡುವಂತಿಲ್ಲ. ಹಾಗಾಗಿ ಹೆತ್ತವರು ಕಳಿಸುವ ಸಿಗ್ನಲ್ ಎಂದೂ ತಪ್ಪು ಮನೆಗೆ ಹೋಗುವುದಿಲ್ಲ. ಡಬಲ್ ಫೋರ್ಕ್ (ಮಗುವನ್ನೂ ಅದರಿಂದ ಮೊಮ್ಮಗುವನ್ನೂ ಹುಟ್ಟಿಸಿ ನಡುವಿನದು ಸಾಯುವುದು) ಮಾಡಿ ಹಿನ್ನೆಲೆಗೆ ಸರಿಯುವ ಡೀಮನ್ ಕಡಿದುಕೊಳ್ಳುವುದು ಈ ನಂಟನ್ನೇ. ಆಮೇಲೆ ಅದನ್ನು ದತ್ತು ಪಡೆಯುವ ಪಿಐಡಿ 1ಕ್ಕೆ, ಅಂದರೆ ಯಂತ್ರ ಏಳುವಾಗ ಮೊದಲು ಹುಟ್ಟುವ ಇನಿಟ್‌ಗೆ, ಸತ್ತದ್ದು ಗೊತ್ತಾಗುತ್ತದೆ, ಅದು ಯಾವ ಸೇವೆ ಎಂಬುದು ಗೊತ್ತಾಗುವುದಿಲ್ಲ.

ವಿಚಿತ್ರವೆಂದರೆ ಇನಿಟ್‌ಗೆ ಈ ಕೆಲಸ ಮೊದಲಿಂದಲೂ ಬರುತ್ತಿತ್ತು. ಬಳಕೆದಾರ ಲಾಗ್‌ಔಟ್ ಆದಾಗ ಟರ್ಮಿನಲ್ಲಿಗೆ, ಲಾಗಿನ್ ಕೇಳುವ ಹೊಸ ಗೆಟ್ಟಿಯನ್ನು ಹುಟ್ಟಿಸುವುದು ಅದೇ. ಸಿಸ್ಟಮ್ ಫೈವ್ ಯೂನಿಕ್ಸ್‌ನ ಇನಿಟ್‌ಟ್ಯಾಬ್ ಎಂಬ ಇನಿಟ್ ಕಡತದಲ್ಲಿ ಅದಕ್ಕೆ ‘ರೆಸ್ಪಾನ್’ ಎಂದೇ ಹೆಸರು. ಟರ್ಮಿನಲ್ಲುಗಳಿಗೆ ಸಿಕ್ಕ ಈ ಕಾವಲು ಡೇಟಾಬೇಸಿಗೆ ಸಿಗಲಿಲ್ಲ, ಸೇವೆಗಳ ಪಾಲಿಗೆ ಸ್ಕ್ರಿಪ್ಟು ಮತ್ತು ಪಿಐಡಿ ಕಡತ ಬಂದವು. ಎಲ್ಲ ಸೇವೆಗಳನ್ನೂ ಇನಿಟ್‌ಟ್ಯಾಬ್‌ಗೇ ಹಾಕಬಾರದೇಕೆ? ಹಾಕಬಹುದು, ಆದರೆ ಒಂದನ್ನೇ ಆರಿಸಿ ನಿಲ್ಲಿಸುವ ಸುಲಭ ದಾರಿ ಅಲ್ಲಿಲ್ಲ. ಮೇಲಾಗಿ ಎರಡು ನಿಮಿಷದಲ್ಲಿ ಹತ್ತಕ್ಕಿಂತ ಹೆಚ್ಚು ಸಲ ಬಿದ್ದೆದ್ದರೆ ಇನಿಟ್ ಆ ಸಾಲನ್ನು ಐದು ನಿಮಿಷ ಬದಿಗಿಡುತ್ತದೆ.

ಈ ಕೊರತೆ ತುಂಬಿದ್ದು ಡಿ. ಜೆ. ಬರ್ನ್‌ಸ್ಟೀನ್ ಅವರ ಡೀಮನ್‌ಟೂಲ್ಸ್, ಆಮೇಲೆ ಅದೇ ಜಾಡಿನಲ್ಲಿ ಗೆರಿಟ್ ಪೇಪ್ ಅವರ ರನಿಟ್, ಲೋರಾಂ ಬೆರ್ಕೋ ಅವರ ಎಸ್6. ಹಳೆಯ ಇನಿಟ್ ಕಿತ್ತೆಸೆಯದೆಯೂ ಇವನ್ನು ಸೇರಿಸಬಹುದು. ರನಿಟ್ ಆದರೆ ಇನಿಟ್‌ಟ್ಯಾಬ್‌ನಲ್ಲಿ ರನ್‌ಎಸ್‌ವಿಡಿರ್ ಕರೆಯುವ ಒಂದು ರೆಸ್ಪಾನ್ ಸಾಲು ಸಾಕು. ಅದು ಸೇವೆಗೊಂದರಂತೆ ರನ್‌ಎಸ್‌ವಿ ಹುಟ್ಟಿಸುತ್ತದೆ. ಅದರ ಮಗುವಾಗಿ ‘ರನ್’ ಎಂಬ ಪುಟ್ಟ ಸ್ಕ್ರಿಪ್ಟ್ ಓಡುತ್ತದೆ.

ತಪ್ಪುಗಳೆಲ್ಲ ಆ ಪುಟ್ಟ ಸ್ಕ್ರಿಪ್ಟಿನಲ್ಲೇ. ಸ್ಕ್ರಿಪ್ಟ್ ಓಡಿಸುವ ಶೆಲ್‌ನ ಜಾಗಕ್ಕೆ ಡೀಮನ್ನನ್ನೇ ತರುವ ‘ಎಕ್ಸೆಕ್’ನಿಂದ ಕೊನೆಯ ಸಾಲು ಶುರುವಾಗದಿದ್ದರೆ ನಡುವೆ ಆ ಶೆಲ್ ಕೂತುಬಿಡುತ್ತದೆ: ಟರ್ಮ್ ಸಿಗ್ನಲ್ಲಿಗೆ ಶೆಲ್ ಸಾಯುತ್ತದೆ, ಡೀಮನ್ ಅನಾಥವಾಗಿ ಓಡುತ್ತಲೇ ಇರುತ್ತದೆ. ಡೀಮನ್ ಮುನ್ನೆಲೆಯಲ್ಲೇ ನಿಲ್ಲಬೇಕು. ದೂರದ ಲಾಗಿನ್ನಿನ ಎಸ್‌ಎಸ್‌ಎಚ್‌ಡಿಗೆ ದೊಡ್ಡಕ್ಷರದ ‘-ಡಿ’, ವೆಬ್ ಸರ್ವರ್ ಎಂಜಿನ್ಎಕ್ಸ್‌ಗೆ ‘ಡೀಮನ್ ಆಫ್’. ಹಿನ್ನೆಲೆಗೆ ಸರಿಯಿತೋ, ಸತ್ತಿತೆಂದು ತಿಳಿದ ರನ್‌ಎಸ್‌ವಿ ಇನ್ನೊಂದನ್ನು ಎಬ್ಬಿಸುತ್ತದೆ. ಪೋರ್ಟ್ ಖಾಲಿಯಿಲ್ಲದೆ ಅದು ಬೀಳುತ್ತದೆ, ಒಂದು ಸೆಕೆಂಡಿಗೆ ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ. ಯಂತ್ರ ಏಳುವಾಗ ಸೇವೆ ಶುರು ಮಾಡುವ ಹಳೆಯ ಆರ್‌ಸಿ ಕೊಂಡಿಗಳನ್ನು ತೆಗೆಯಲು ಮರೆತರೂ ಇದೇ ಪಾಡು. ತೆಗೆದ ಇನಿಟ್.ಡಿ ಸ್ಕ್ರಿಪ್ಟಿನ ಜಾಗದಲ್ಲಿ, ರನಿಟ್ ಸೇವೆಗಳನ್ನು ನಿಯಂತ್ರಿಸುವ ‘ಎಸ್‌ವಿ’ಗೆ ಸಿಂಬಾಲಿಕ್ ಲಿಂಕ್ ಇಟ್ಟರೆ ಸ್ಟಾರ್ಟ್, ಸ್ಟಾಪ್ ಎಲ್ಲ ಹಿಂದಿನಂತೆಯೇ ಕೆಲಸ ಮಾಡುತ್ತವೆ. ಲಾಗ್ ಪೈಪನ್ನು ರನ್‌ಎಸ್‌ವಿಯೇ ಹಿಡಿದಿರುವುದರಿಂದ ಸೇವೆ ಸತ್ತರೂ ಪೈಪಿಗೆ ಸೇರಿದ್ದ ಕೊನೆಯ ಮಾತುಗಳು ಕಳೆಯುವುದಿಲ್ಲ.

ಫ್ರೀಬಿಎಸ್‌ಡಿಯಲ್ಲಿ ಇನ್ನೂ ಸುಲಭ, ಆರ್‌ಸಿ ಸ್ಕ್ರಿಪ್ಟಿನೊಳಗೆ, ಸತ್ತದ್ದನ್ನು ಮತ್ತೆ ಎಬ್ಬಿಸುವ ‘ಡೀಮನ್ -ಆರ್’ ಆದೇಶ ಸಾಕು. ಆದರೆ ಪಿಐಡಿ ಕಡತಕ್ಕೆ ದೊಡ್ಡಕ್ಷರದ ‘-ಪಿ’ಯನ್ನೇ ಬಳಸಿ. ಚಿಕ್ಕಕ್ಷರದ್ದು ಬರೆಯುವುದು ಮಗುವಿನ ಸಂಖ್ಯೆಯನ್ನು. ‘ಸ್ಟಾಪ್’ ಮಗುವನ್ನು ಕೊಲ್ಲುತ್ತದೆ, ಕಾವಲುಗಾರ ನಿಷ್ಠೆಯಿಂದ ಇನ್ನೊಂದನ್ನು ಎಬ್ಬಿಸುತ್ತಾನೆ.

ಹಳೆಯ ಆರ್‌ಸಿ ಕೊಂಡಿಗಳ ಎಸ್20, ಎಸ್30 ಎಂಬ ಸರದಿ ರನಿಟ್‌ನಲ್ಲಿ ಇಲ್ಲ, ಎಲ್ಲ ಒಟ್ಟಿಗೇ ಹೊರಡುತ್ತವೆ. ಡೇಟಾಬೇಸ್ ಬೇಕಾದ ಸೇವೆ ತನ್ನ ‘ರನ್’ನಲ್ಲೇ ‘ಎಸ್‌ವಿ ಸ್ಟಾರ್ಟ್’ ಕರೆದು, ಅದು ಸಿದ್ಧವಾಗದಿದ್ದರೆ ಸೋಲಿನ ಸಂಕೇತವಾದ 1 ಹೇಳಿ ಹೊರಬರಬೇಕು. ಮುಂದಿನ ಸುತ್ತು ಹೇಗೂ ಬಂದೇ ಬರುತ್ತದೆ. ಇನ್ನು ಸಾಯದೆ ಬರೀ ಕೈಕಟ್ಟಿ ನಿಂತ ಪ್ರೋಸೆಸ್ ಯಾವ ಸಿಗ್‌ಚೈಲ್ಡ್ ಅನ್ನೂ ಹುಟ್ಟಿಸದು, ಕಾವಲಿನ ಕಣ್ಣಿಗೆ ಅದು ಆರೋಗ್ಯವಂತ. ಅಂಥದ್ದಕ್ಕೆ ಹೊರಗಿನಿಂದ ನಿಜವಾದ ವಿನಂತಿಯೊಂದನ್ನು ಕಳಿಸಿ ನೋಡುವ ಬೇರೆ ಪರೀಕ್ಷೆ ಇಟ್ಟು, ಉತ್ತರ ಬಾರದಿದ್ದಾಗ ‘ಎಸ್‌ವಿ ಫೋರ್ಸ್-ರೀಸ್ಟಾರ್ಟ್’ ಕೊಡಿಸಬೇಕು: ಮೊದಲು ಟರ್ಮ್, ಏಳು ಸೆಕೆಂಡಾದರೂ ಜಗ್ಗದಿದ್ದರೆ ಕಿಲ್.